ಬಿಸಿನೀರಿನ ಅಪಸ್ಮಾರವೂ ಮಿದುಳಿನ ತೂಬುಗಳೂ

ಮೂವತ್ತು ವರ್ಷಗಳ ಹಿಂದೆ ನಾವು ಭದ್ರಾವತಿಯಲ್ಲಿ ಉಪಾಧ್ಯಾಯರಾಗಿದ್ದಾಗ, ನೆರೆಮನೆಯ ಬಾಲಕನೊಬ್ಬನು ದೀಪಾವಳಿಯ ಅಭ್ಯಂಜನದಲ್ಲಿ ತಲೆಯ ಮೇಲೆ ನಾಲ್ಕು ಚೊಂಬು ಬಿಸಿನೀರು ಬೀಳುತ್ತಲೇ ಬಚ್ಚಲಿನಲ್ಲಿ ಮೂರ್ಛಿತನಾಗಿ ಉರುಳಿದನು. ಕಬ್ಬಿಣದ ಊರಲ್ಲವೆ? ಬೀಗದ ಕೈಗಳ ಗೊಂಚಲೊಂದನ್ನು ಅವನ ಮುಷ್ಟಿಯಲ್ಲಿ ಒತ್ತಿದವರು ನಾವೇ. ಅದೇ ಬಾಲಕನು ಮೊನ್ನೆ ಗೃಹಸ್ಥನಾಗಿ ಶಿವಮೊಗ್ಗೆಯ ನಮ್ಮ ಮನೆಗೆ ಬಂದು, ತನ್ನ ಮಗಳಿಗೂ ತಲೆಸ್ನಾನದಲ್ಲಿ ಹಾಗೆಯೇ ಆಯಿತೆಂದು ಹೇಳಿ, “ಮೇಷ್ಟ್ರೇ, ಇದು ನನ್ನ ಪಾಪವೇ?” ಎಂದು ಕೇಳಿದನು.

ಸ್ಮೃತಿಯು ತಪ್ಪಿಹೋಗುವುದರಿಂದ ನಮ್ಮ ಪ್ರಾಚೀನ ವೈದ್ಯರು ಈ ವ್ಯಾಧಿಯನ್ನು ಅಪಸ್ಮಾರವೆಂದರು. ಇದರ ಮರ್ಮವನ್ನು ಭದ್ರಾ ನಾಲೆಯ ತೂಬುಗಳನ್ನು ಕಂಡವರು ಸುಲಭವಾಗಿ ಗ್ರಹಿಸಬಹುದು. ಮಿದುಳಿನ ಜೀವಕೋಶದ ಪೊರೆಯಲ್ಲಿ ಅತಿಸೂಕ್ಷ್ಮವಾದ ತೂಬುಗಳಿರುವುವು. ಸೋಡಿಯಂ ಅಯಾನುಗಳು ಒಳಹೊಕ್ಕಾಗ ವಿದ್ಯುತ್ಸಂಕೇತವು ಏಳುವುದು. ಪೊಟ್ಯಾಸಿಯಂ ಅಯಾನುಗಳು ಹೊರಬಿದ್ದಾಗ ಶಮನವಾಗುವುದು. ಇದನ್ನು 1952ರಲ್ಲಿ ಹಾಜ್ಕಿನ್ ಮತ್ತು ಹಕ್ಸ್‌ಲಿ ಎಂಬವರು ಗಣಿತದಿಂದ ವಿವರಿಸಿದರು. 1976ರಲ್ಲಿ ನೇಹರ್ ಮತ್ತು ಸಾಕ್ಮನ್ ಎಂಬವರು ಒಂದೇ ಒಂದು ತೂಬಿನ ಪ್ರವಾಹವನ್ನು ಅಳೆದು, 1991ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಈ ತೂಬುಗಳನ್ನು ಕಟ್ಟುವ ವಿಧಾನವು ಜೀನುಗಳಲ್ಲಿ ಲಿಖಿತವಾಗಿದೆ. ತಾಳೆಯ ಗರಿಯ ಪ್ರತಿಯಲ್ಲಿ ಒಂದಕ್ಷರ ತಪ್ಪಿದರೆ ಅರ್ಥವೇ ಕೆಡುವಂತೆ, ಇಲ್ಲಿಯೂ ಒಂದಕ್ಷರದ ದೋಷದಿಂದ ತೂಬು ಸರಿಯಾಗಿ ಮುಚ್ಚದೆ ಹೋಗಬಹುದು. ನಿದ್ರೆಯಲ್ಲಿ ಬರುವ ಒಂದು ಬಗೆಯ ಅಪಸ್ಮಾರಕ್ಕೆ ಇಂತಹ ಜೀನಿನ ದೋಷವು ಕಾರಣವೆಂದು 1995ರಲ್ಲಿ ತಿಳಿಯಿತು. ಎರಡನೆಯ ವರ್ಣತಂತುವಿನಲ್ಲಿರುವ ಸೋಡಿಯಂ ತೂಬಿನ ಜೀನೊಂದು ಜ್ವರದೊಡನೆ ಬರುವ ಕೆಲವು ಅಪಸ್ಮಾರಗಳಿಗೆ ಮೂಲವೆಂದು 2000ದಲ್ಲಿ ಗೊತ್ತಾಯಿತು.

ಎಲ್ಲ ಅಪಸ್ಮಾರಗಳಿಗೂ ಮೂಲವು ಒಂದೇ ಅಲ್ಲ. ಬಿಸಿನೀರಿನ ಅಪಸ್ಮಾರವು ನಮ್ಮ ಕರ್ಣಾಟಕದಲ್ಲಿ ವಿಶೇಷವಾಗಿ ಕಂಡುಬರುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 1988ರಲ್ಲಿ 279 ರೋಗಿಗಳ ವಿವರವನ್ನು ಪ್ರಕಟಿಸಿದರು. ಅವರೂ ಅದೇ ನಗರದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳೂ ಕೂಡಿ, ಈ ವ್ಯಾಧಿಯುಳ್ಳ ಕುಟುಂಬಗಳನ್ನು ಪರೀಕ್ಷಿಸಿ, ದೋಷದ ನೆಲೆಯು ಕೆಲವರಲ್ಲಿ ಹತ್ತನೆಯ, ಕೆಲವರಲ್ಲಿ ನಾಲ್ಕನೆಯ ವರ್ಣತಂತುವಿನಲ್ಲಿದೆಯೆಂದು 2009ರಲ್ಲಿ ತೋರಿಸಿದರು. ಅಂತಹ ಕುಟುಂಬಗಳಲ್ಲಿ ತಂದೆತಾಯಿಗಳಲ್ಲಿ ಒಬ್ಬರಿಂದಲೇ ಇದು ಮಗುವಿಗೆ ಇಳಿಯಬಲ್ಲುದು.

ಆದುದರಿಂದ ಆ ತಂದೆಗೆ ನಾವು ಹೇಳಿದೆವು: “ಅಪ್ಪಾ, ಇದು ನಿನ್ನಿಂದ ಬಂದಿರಬಹುದು, ಆದರೆ ಬಂದುದು ಲಿಪಿಯ ದೋಷವೇ ಹೊರತು ಪಾಪವಲ್ಲ. ಮಗುವನ್ನು ಬಚ್ಚಿಡಬೇಡ, ಶಾಲೆ ಬಿಡಿಸಬೇಡ, ವೈದ್ಯರಿಗೆ ತೋರಿಸು.”

ಗೃಹಿಣಿಯರು ನೆನಪಿನಲ್ಲಿಡತಕ್ಕದ್ದು ಇಷ್ಟು. ಇಂತಹ ಮಕ್ಕಳಿಗೆ ಉಗುರುಬೆಚ್ಚಗಿನ ನೀರೇ ಸಾಕು. ಅದನ್ನೂ ತಲೆಯ ಮೇಲೆ ಒಂದೇ ಸಮನೆ ಸುರಿಯಬಾರದು, ಒಂಟಿಯಾಗಿ ಸ್ನಾನಕ್ಕೆ ಬಿಡಬಾರದು. ಮೂರ್ಛೆ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ಏನನ್ನೂ ತುರುಕಬಾರದು. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು. ಬೀಗದ ಕೈ ಬಾಗಿಲ ಬೀಗಕ್ಕೆ ಮಾತ್ರ, ಮಿದುಳಿನ ತೂಬಿಗಲ್ಲ. ಮೂವತ್ತು ವರ್ಷಗಳ ಹಿಂದೆ ನಾವು ಕಲಿಸಬೇಕಾಗಿದ್ದ ಪಾಠವನ್ನು ಈಗ ನಾವೇ ಕಲಿತು ಒಪ್ಪಿಸಿದ್ದೇವೆ.