ಸಮತಟ್ಟಾದ ಕೇಕು

ಬೆಣ್ಣೆದೋಸೆಗೆ ಹೆಸರಾದ ದಾವಣಗೆರೆ ಸೀಮೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿಯೂ ಮಕ್ಕಳ ಹುಟ್ಟುಹಬ್ಬಕ್ಕೆ ಮನೆಯಲ್ಲಿಯೇ ಕೇಕು ಮಾಡುವುದುಂಟು. ರುಚಿಗೆ ಕುಂದಿಲ್ಲದಿದ್ದರೂ ಕೇಕಿನ ನಡುಭಾಗ ಗುಮ್ಮಟದಂತೆ ಉಬ್ಬಿ ಬಿರಿಯುತ್ತದೆ. ಅದರ ಮೇಲಿರಿಸಿದ ಎರಡನೆಯ ಪದರ ಜಾರುತ್ತದೆ. ಉಬ್ಬನ್ನು ಕೊಯ್ದು ತೆಗೆದರೆ ದುಬಾರಿ ಬೆಣ್ಣೆಯೂ ಸಕ್ಕರೆಯೂ ಅದರೊಡನೆ ಹೋಗುತ್ತವೆ.

ಇದು ಗೃಹಿಣಿಯ ಕೈಯ ದೋಷವಲ್ಲ, ಉರಿಯ ಆತುರ. ಲೋಹದ ಪಾತ್ರೆಯ ಅಂಚು ಬೇಗನೆ ಕಾಯುವುದರಿಂದ ಅಲ್ಲಿಯ ಹಿಟ್ಟು ಮೊದಲು ಗಟ್ಟಿಯಾಗುತ್ತದೆ. ನಡುವಿನ ಹಿಟ್ಟಾದರೋ ಇನ್ನೂ ಮೆತ್ತಗಿದ್ದು, ಬೇಕಿಂಗ್ ಪೌಡರಿನ ಅನಿಲದಿಂದ ಏರುತ್ತಲೇ ಇರುತ್ತದೆ.

ಆದುದರಿಂದ ಓವನ್ನಿನ ಶಾಖವನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಬದಲು 160ಕ್ಕೆ ಇಳಿಸಿ, ತುಸು ಹೆಚ್ಚು ಹೊತ್ತು ಬೇಯಿಸಬೇಕು. ದಪ್ಪ ಹತ್ತಿಬಟ್ಟೆಯ ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಪಾತ್ರೆಯ ಹೊರಸುತ್ತಿಗೆ ಬಿಗಿದು ಪಿನ್ನು ಹಾಕುವುದು ಇನ್ನೊಂದು ಉಪಾಯ. ಬಟ್ಟೆ ಒದ್ದೆಯಿರುವವರೆಗೆ ಅಂಚು ಬೇಗ ಕಾಯದು. ಪಟ್ಟಿ ಕಾಯುವ ತಂತಿಗೆ ತಾಗದಿರಲಿ.

ಕುಕ್ಕರಿನಲ್ಲಿ ಮಾಡುವವರಿಗೆ ಬಟ್ಟೆಯ ಉಪಾಯ ಬೇಡ. ಗ್ಯಾಸ್ಕೆಟ್ಟು, ವಿಷಲುಗಳನ್ನು ತೆಗೆದು, ತಳದಲ್ಲಿ ಉಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡಿಟ್ಟು, ಸಣ್ಣ ಉರಿಯಲ್ಲಿ ಬೇಯಿಸಿದರೆ ಸಾಕು.

ಹಿಟ್ಟನ್ನು ಎರಡು ಪಾತ್ರೆಗಳಿಗೆ ತೂಗಿ ಹಂಚಿದರೆ ಪದರಗಳು ಒಂದೇ ಎತ್ತರಕ್ಕೆ ಬರುತ್ತವೆ. ಇಷ್ಟಾದರೂ ಕೊಂಚ ಉಬ್ಬು ಉಳಿದರೆ, ಕೇಕು ಪೂರ್ತಿ ಆರಿದ ಬಳಿಕವೇ ಹಲ್ಲಿನ ಚಾಕುವಿನಿಂದ ಸವರಬೇಕು. ಬಿಸಿಯಲ್ಲಿ ಕೊಯ್ದರೆ ಪುಡಿಯಾಗುವುದು. ಮೇಲಿನ ಪದರವನ್ನು ಮಗುಚಿ ಇರಿಸಿದರೆ, ಪಾತ್ರೆಯ ತಳದಲ್ಲಿದ್ದ ನುಣುಪು ಮುಖವೇ ಮೇಲೆ ಬಂದು ಅಲಂಕಾರಕ್ಕೆ ಅಣಿಯಾಗುತ್ತದೆ.