ಮೂಳೆ ಕೂಡುತ್ತೆ, ಮೃದ್ವಸ್ಥಿ ಯಾಕೆ ಕೂಡಲ್ಲ?

ನಮ್ಮ ದೇಹದ ಅಂಗಾಂಶಗಳು ಮುಖ್ಯವಾಗಿ 4 ಬಗೆ. ಚರ್ಮದ ಮೇಲ್ಪದರ, ಕರುಳಿನ ಒಳಪದರ ಇವೆಲ್ಲ ಹೊದಿಕೆಯ ಅಂಗಾಂಶ. ಸ್ನಾಯು ಎಳೆಯುತ್ತೆ, ನರ ಸುದ್ದಿ ಮುಟ್ಟಿಸುತ್ತೆ, ಇವು ನಮಗೆ ಗೊತ್ತಿರೋದೇ. ಮಜಾ ಇರೋದು ಸಂಯೋಜಕ ಅಂಗಾಂಶದಲ್ಲಿ. ಮೂಳೆ, ಕೊಬ್ಬು, ಮೃದ್ವಸ್ಥಿ ಮಾತ್ರವಲ್ಲ, ಹರಿಯೋ ರಕ್ತ ಕೂಡ ಇದೇ ಗುಂಪು!

ಮೂಳೆಯೊಳಗೆ ರಕ್ತನಾಳಗಳಿವೆ. ಹಾಗಾಗಿ ಮುರಿದರೂ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತೆ. ಆದರೆ ಮಂಡಿಯಲ್ಲಿ ಮೂಳೆಯ ತುದಿಗೆ ಹೊದ್ದಿರೋ ಮೃದ್ವಸ್ಥಿಯಲ್ಲಿ ರಕ್ತನಾಳವೇ ಇಲ್ಲ. ಕೀಲಿನ ದ್ರವದಿಂದ ಇಳಿದು ಬರೋದೇ ಅದಕ್ಕೆ ಊಟ (ಪಾಪ, ನಮ್ಮ ಹಾಸ್ಟೆಲ್ ಸಾರಿಗಿಂತ ತೆಳು). ಹಾಗಾಗಿ ಒಮ್ಮೆ ಸವೆದರೆ ಮೊದಲಿನಂತೆ ಬೆಳೆಯೋದು ಕಷ್ಟ.

ಫುಟ್‌ಬಾಲ್ ಆಡಿ ಮಂಡಿ ಊದಿದಾಗ, ಎಕ್ಸ್‌ರೇಲಿ ಮೂಳೆ ಸರಿಯಿದೆ ಅಂದ ಮಾತ್ರಕ್ಕೆ ನಾವು ಮರುದಿನವೇ ಮೈದಾನಕ್ಕೆ ಇಳಿಯೋ ಹಾಗಿಲ್ಲ. ಮಾಮೂಲಿ ಎಕ್ಸ್‌ರೇಲಿ ಮೃದ್ವಸ್ಥಿ ಕಾಣೋದೇ ಇಲ್ಲ.