ವಂಶವಾಹಿ ಮತ್ತು ವರ್ತಕನ ಹೃದಯ

ತುಮಕೂರಿನ ಮಂಡಿಪೇಟೆಯಲ್ಲಾಗಲಿ, ಗುಬ್ಬಿಯ ಅಡಿಕೆ-ಕೊಬ್ಬರಿ ವಹಿವಾಟಿನಲ್ಲಾಗಲಿ, ಕುಣಿಗಲ್ ತಾಲ್ಲೂಕಿನ ಅಂಚೇಪಾಳ್ಯದ ಸಣ್ಣ ಕಾರ್ಖಾನೆಗಳಲ್ಲಾಗಲಿ, ಅನೇಕ ಉದ್ದಿಮೆಗಳು ಒಬ್ಬ ಯಜಮಾನನ ದುಡಿಮೆಯನ್ನೇ ಆಧರಿಸಿವೆ. ಸಾಲದ ಪತ್ರಕ್ಕೆ ಸಹಿ, ಮಾಲಿನ ಖರೀದಿ, ಬಾಕಿ ವಸೂಲಿ, ಎಲ್ಲವೂ ಆತನದೇ. ಅಂಥವರು ಐವತ್ತರ ಆಸುಪಾಸಿನಲ್ಲಿ ಹೃದಯಾಘಾತಕ್ಕೆ ತುತ್ತಾದರೆ ಕುಟುಂಬದೊಡನೆ ವ್ಯಾಪಾರವೂ ಕುಸಿಯುತ್ತದೆ. 'ಅವರ ತಂದೆಗೂ ಹೀಗೇ ಆಗಿತ್ತು' ಎಂಬ ಮಾತು ಆಗ ಕೇಳಿಬರುವುದುಂಟು. ಈ ಮಾತಿನ ಹಿಂದಿರುವ ಸತ್ಯವನ್ನು ಪ್ರಯೋಗಾಲಯದಲ್ಲಿ ಅರಸಿದವರಲ್ಲಿ ಡಾ. ಪೆರುಂದುರೈ ದಂಡಪಾಣಿ ಒಬ್ಬರು.

ಮಧುರೈ ಕಾಮರಾಜ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿ, ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ತಂಡ ಕಟ್ಟಿದ ಅವರು, ಹೈದರಾಬಾದಿನ ಸಿಸಿಎಂಬಿಯ ಡಾ. ಕೆ. ತಂಗರಾಜ್ ಮೊದಲಾದವರೊಡನೆ 2009ರಲ್ಲಿ 'ನೇಚರ್ ಜೆನೆಟಿಕ್ಸ್' ಪತ್ರಿಕೆಯಲ್ಲಿ ಮಹತ್ವದ ಲೇಖನವನ್ನು ಪ್ರಕಟಿಸಿದರು. ಹೃದಯದ ಸ್ನಾಯು ಸಂಕುಚನಕ್ಕೆ ಬೇಕಾದ ಒಂದು ಪ್ರೋಟೀನನ್ನು ರೂಪಿಸುವ ಎಂವೈಬಿಪಿಸಿ3 ಎಂಬ ವಂಶವಾಹಿಯಲ್ಲಿ 25 ಅಕ್ಷರಗಳಷ್ಟು ಭಾಗ ಕೆಲವರಲ್ಲಿ ಇರುವುದೇ ಇಲ್ಲ. ಭಾರತೀಯ ಉಪಖಂಡದಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಈ ಲೋಪವಿದೆ. ಇದರಿಂದ ತಯಾರಾಗುವ ಪ್ರೋಟೀನಿನ ತುದಿ ಬದಲಾಗಿ, ಹೆಚ್ಚಾಗಿ ನಡುವಯಸ್ಸಿನ ನಂತರ ಸ್ನಾಯು ದುರ್ಬಲಗೊಳ್ಳುವ ಸಂಭವವಿದೆ. ಮಕ್ಕಳು ಹುಟ್ಟಿ ಬೆಳೆದ ಮೇಲೆ ತೊಂದರೆ ಕೊಡುವ ದೋಷವಾದ್ದರಿಂದಲೇ ಅದು ಸಾವಿರಾರು ವರ್ಷ ಅಳಿಯದೆ ಉಳಿದು ಬಂದಿತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಇದು ಸ್ನಾಯುವಿನ ಕಾಯಿಲೆ. ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡು ಆಗುವ 'ಬ್ಲಾಕ್' ಬೇರೆ. ಲೋಪವಿರುವವರೆಲ್ಲರೂ ರೋಗಿಗಳಾಗುವುದಿಲ್ಲ. ಅಮೆರಿಕದಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದವರ ಕುರಿತ 2018ರ ಅಧ್ಯಯನದಲ್ಲಿ, ಇದರೊಡನೆ ಅದೇ ವಂಶವಾಹಿಯ ಮತ್ತೊಂದು ವ್ಯತ್ಯಾಸವೂ ಸೇರಿದವರಲ್ಲಿ ಹೃದಯದ ಬದಲಾವಣೆ ಸ್ಪಷ್ಟವಾಗಿ ಕಂಡಿತು. ಆದ್ದರಿಂದ ಜಾಹೀರಾತು ನೋಡಿ ದುಬಾರಿ ವಂಶವಾಹಿ ಪರೀಕ್ಷೆಗೆ ಧಾವಿಸಬೇಕಿಲ್ಲ. ಮನೆಯಲ್ಲಿ ಯಾರಿಗಾದರೂ ಸ್ನಾಯುವಿನ ಕಾಯಿಲೆ ಪತ್ತೆಯಾಗಿದ್ದರೆ ಒಡಹುಟ್ಟಿದವರು, ಮಕ್ಕಳು ಎಕೋ ಮತ್ತು ಇಸಿಜಿ ಮಾಡಿಸಿಕೊಳ್ಳುವುದು ಮೊದಲ ಹೆಜ್ಜೆ.

'ಬ್ಲಾಕ್'ನ ವಿಷಯದಲ್ಲಿಯೂ ಪಿತ್ರಾರ್ಜಿತವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರೂ ಭಾಗವಹಿಸಿದ್ದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ವಯಸ್ಸು ಸರಾಸರಿ 53. ಇತರರಿಗೆ ಸುಮಾರು 59. ಲೈಪೋಪ್ರೋಟೀನ್ (ಎ) ಎಂಬ ಕೊಬ್ಬಿನಂಶದ ಪ್ರಮಾಣ ಬಹುಪಾಲು ವಂಶದಿಂದಲೇ ನಿರ್ಧಾರವಾಗುತ್ತದೆ. ಜೀವಮಾನದಲ್ಲಿ ಒಮ್ಮೆ ರಕ್ತಪರೀಕ್ಷೆ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ಕ್ಕೆ ಮೊದಲು, ತಾಯಿ ಅಥವಾ ಅಕ್ಕತಂಗಿಯರಿಗೆ 65ಕ್ಕೆ ಮೊದಲು ಹೃದ್ರೋಗ ಬಂದಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಹಾಗೆಂದು ಎಲ್ಲವನ್ನೂ ಹಣೆಬರಹಕ್ಕೆ ಬಿಡುವಂತಿಲ್ಲ. ವಂಶವಾಹಿಯ ಅಪಾಯ ಅಧಿಕವಾಗಿದ್ದವರಲ್ಲಿಯೂ ಧೂಮಪಾನ ಬಿಟ್ಟು, ತೂಕ ಹಿಡಿತದಲ್ಲಿಟ್ಟು, ವ್ಯಾಯಾಮ ಮಾಡಿದವರಿಗೆ ಅಪಾಯ ಅರ್ಧದಷ್ಟು ಇಳಿದಿತ್ತೆಂದು 2016ರ ಅಧ್ಯಯನವೊಂದು ತೋರಿಸಿತು. ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುವವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ.

ವಿಮೆಯ ವಿಷಯದಲ್ಲಿ ವರ್ತಕರು ಅರಿತಿರಬೇಕಾದ ಸಂಗತಿಯೊಂದಿದೆ. ವಂಶವಾಹಿ ದೋಷದ ಕಾರಣ ನೀಡಿ ಆರೋಗ್ಯ ವಿಮೆಯ ಕ್ಲೇಮು ತಿರಸ್ಕರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಮಾರ್ಚ್‌ನಲ್ಲಿ ಕಂಪನಿಗಳಿಗೆ ಸೂಚಿಸಿತು. ಇದರ ಹಿಂದಿನ ತಿಂಗಳು ದೆಹಲಿ ಉಚ್ಚ ನ್ಯಾಯಾಲಯದ ಮುಂದಿದ್ದ ಪ್ರಕರಣವೂ ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆಗೇ ಸಂಬಂಧಿಸಿತ್ತು. ಆದರೆ ಈಗಾಗಲೇ ಪತ್ತೆಯಾಗಿರುವ ರೋಗವನ್ನು ಅರ್ಜಿಯಲ್ಲಿ ಮುಚ್ಚಿಟ್ಟವರು ಈ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ.